ಗಾಡಿ-ಗೀಡಿ: ನಕ್ಷೆ ಚೀನಾದ್ದು, ಪಾರ್ಟು ಎಲ್ಲಿಯದು?

(ಬೆಳಗಾವಿಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಿಂದ ಓದುಗರ ಪತ್ರಗಳಿಗೆ ಉತ್ತರ)

ಪ್ರಶ್ನೆ: ನಮ್ಮ ಭಾವನವರು ಪುಣೆಯಲ್ಲಿ 2013ರ ಶೆವರ್ಲೆ ಸೈಲ್ ಡೀಸೆಲ್ ಸೆಡಾನ್ ನೋಡಿಟ್ಟಿದ್ದಾರೆ. ಎಂಎಚ್-12 ನಂಬರು. ಒಂದು ಒಳ್ಳೆ ಬೈಕಿನ ರೇಟಿಗೆ ಸಿಗುತ್ತದಂತೆ. ಆದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ 'ಅದು ಚೀನಾ ಮಾಲು, ಕೈ ಹಚ್ಚಬೇಡಿ' ಅನ್ನುತ್ತಿದ್ದಾರೆ. ಅದು ನಿಜವಾಗಿ ಚೀನಾ ಕಾರೇ? ತಗೊಳ್ಳಬಹುದೇ?
– ಒಬ್ಬ ಮಾಸ್ತರರು, ಮುಧೋಳ

ಉತ್ತರ: ಮಾಸ್ತರರೇ, ಮೊದಲು ಸ್ಟಾಫ್ ರೂಮಿನ ಜಗಳ ಮುಗಿಸೋಣ. ಆಮೇಲೆ ಗಾಡಿಗೆ ಬರೋಣ.

ಭಾವನವರಿಗೆ ಹೇಳಿ ಆರ್‌ಸಿ ಕಾರ್ಡಿನ ಫೋಟೋ ತರಿಸಿ. ಅದರಲ್ಲಿ ಚಾಸಿಸ್ ನಂಬರ್ ಇರುತ್ತದೆ, ಅಕ್ಷರ ಅಂಕಿ ಸೇರಿ 17. ಅದು ಇಂಗ್ಲಿಷಿನ 'ಎಲ್'ನಿಂದ ಶುರುವಾದರೆ ಗಾಡಿ ಚೀನಾದಲ್ಲಿ ತಯಾರಾದದ್ದು. 'ಎಂ, ಎ' ಅಂತ ಶುರುವಾದರೆ ನಮ್ಮ ದೇಶದ್ದು. ನೀವು ನೋಡಿರುವ ಸೈಲ್ 'ಎಂಎ'ಯಿಂದಲೇ ಶುರುವಾಗುತ್ತದೆ, ಬೇಕಾದರೆ ಪಂದ್ಯ ಕಟ್ಟಿ. ಯಾಕೆಂದರೆ ನಮ್ಮಲ್ಲಿ ಮಾರಿದ ಸೈಲ್ ಇಲ್ಲೇ ತಯಾರಾದದ್ದು. ಶೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ಗೆ (ಜಿಎಂ) ಆಗ ಗುಜರಾತಿನ ಹಾಲೋಲ್ ಮತ್ತು ಪುಣೆ ಹತ್ತಿರದ ತಳೇಗಾಂವ, ಎರಡು ಕಡೆ ಕಾರ್ಖಾನೆ ಇದ್ದವು.

ಹಾಗಂತ ನಿಮ್ಮ ಸಹೋದ್ಯೋಗಿಗಳು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಕಾರಿನ ನಕ್ಷೆ ಶಾಂಘೈಯದು. 2001ರಲ್ಲಿ ಚೀನಾದಲ್ಲಿ ಬಂದ ಮೊದಲ ಸೈಲ್ ಅಂದರೆ ಹೆಸರು ಬದಲಿಸಿಕೊಂಡ ಓಪೆಲ್ ಕೋರ್ಸಾ. ಬ್ಯೂಕ್ ಬ್ಯಾಡ್ಜ್ ಹಚ್ಚಿ ಮಾರಿದರು. ಅದೇ ಕೋರ್ಸಾ ನಮ್ಮ ಕ್ಯಾಂಪ್ ರಸ್ತೆಗಳಲ್ಲೂ ಓಡಾಡಿದೆ, ಹಿರಿಯರಿಗೆ ನೆನಪಿರಬಹುದು. ಎರಡನೇ ಸೈಲ್ ಬಂದದ್ದು 2010ರ ಶುರುವಿನಲ್ಲಿ. ಅದನ್ನು ಜಿಎಂ ಮತ್ತು ಚೀನಾದ ಎಸ್‌ಎಐಸಿ ಕೂಡಿ ನಡೆಸುವ ಕಂಪನಿ ಚೀನಾದಲ್ಲೇ ರೂಪಿಸಿತು. 2009ರ ಕೊನೆಗೆ ಎಸ್‌ಎಐಸಿ ಜಿಎಂನ ಭಾರತದ ವ್ಯವಹಾರದಲ್ಲೂ ಅರ್ಧ ಪಾಲು ಹಿಡಿಯಿತು. ಮುಂದೆ ಜಿಎಂ ಅದನ್ನು ಮತ್ತೆ ತನ್ನ ಕಡೆ ಎಳೆದುಕೊಂಡಿತು, ಆ ಮಾತು ಬೇರೆ. ಅಷ್ಟರಲ್ಲಿ ಸೈಲ್ ಇಲ್ಲಿಗೆ ಬಂದಾಗಿತ್ತು. 2012ರ ಕೊನೆಗೆ ಹ್ಯಾಚ್‌ಬ್ಯಾಕ್, 2013ರ ಫೆಬ್ರವರಿಯಲ್ಲಿ ಸೆಡಾನ್.

ಬಾನೆಟ್ ಎತ್ತಿದರೆ ಇನ್ನೂ ಮಜಾ. ಚೀನಾದ ನಕ್ಷೆ, ಅಮೆರಿಕದ ಬ್ಯಾಡ್ಜ್, ಒಳಗಿನ 1.3 ಲೀಟರ್ ಡೀಸೆಲ್ ಇಂಜಿನ್ ಮೂಲ ಇಟಲಿಯ ಫಿಯಟ್‌ದು! ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೋ ಎಲ್ಲದರಲ್ಲೂ ಇದ್ದದ್ದು ಅದೇ ಮನೆತನದ ಇಂಜಿನ್. ಹೀಗಿರುವಾಗ ಯಾವ ದೇಶದ ಮಾಲು ಅಂತ ಜಗಳ ಮಾಡಿ ಏನು ಉಪಯೋಗ ಹೇಳಿ.

ಈ ಕಾರು ನಮ್ಮಲ್ಲಿ ಯಾಕೆ ಸೋತಿತು ಅಂತ ಬಹಳ ಜನ ಕೇಳುತ್ತಾರೆ. ನನ್ನ ಉತ್ತರ ಟೇಪಿನಲ್ಲಿದೆ. ಸೈಲ್ ಸೆಡಾನ್ ಅಳೆದರೆ 4.25 ಮೀಟರ್ ಹತ್ತಿರ ಬರುತ್ತದೆ. ನಮ್ಮಲ್ಲಿ 4 ಮೀಟರ್ ಒಳಗಿದ್ದು ಇಂಜಿನ್ನೂ ಚಿಕ್ಕದಿದ್ದರೆ ಆಗ ಎಕ್ಸೈಸ್ ತೆರಿಗೆ 12 ಪ್ರತಿಶತ ಇತ್ತು. ದಾಟಿದರೆ 24. ಮಾರುತಿಯವರು 2012ರಲ್ಲಿ ಡಿಜೈರ್‌ನ ಡಿಕ್ಕಿ ಕತ್ತರಿಸಿ 3,995 ಮಿ.ಮೀ.ಗೆ ತಂದರು. ನೋಡೋಕೆ ಚೆಂದ ಕಾಣಲಿಲ್ಲ, ಆದರೆ ತೆರಿಗೆ ಅರ್ಧಕ್ಕೆ ಇಳಿಯಿತು. ಸೈಲ್ ಸೆಡಾನ್ ಬಂದದ್ದು 4.99 ಲಕ್ಷಕ್ಕೆ. ಎರಡು ತಿಂಗಳಿಗೆ 4 ಮೀಟರ್ ಒಳಗಿನ ಹೋಂಡಾ ಅಮೇಜ್ ಬಂತು, ಅದೂ 4.99ಕ್ಕೆ. ಒಂದು ಕಂಪನಿ 12 ಕಟ್ಟಿ ಆ ರೇಟು ಹಿಡಿದಿತ್ತು, ಇನ್ನೊಂದು 24 ಕಟ್ಟಿ. ಯಾರಿಗೆ ಎಷ್ಟು ಉಳಿಯುತ್ತಿತ್ತು, ಲೆಕ್ಕ ಹಾಕಿ. ಚೀನಾದಲ್ಲಿ ಇಂಥ ಉದ್ದದ ನಿಯಮ ಇಲ್ಲ. ಅಲ್ಲಿ ತೆರಿಗೆ ಹೋಗುವುದು ಇಂಜಿನ್ ಗಾತ್ರದ ಮೇಲೆ. ಹಾಗಾಗಿ ಅಲ್ಲಿ ಕಾರಿಗೆ ಧಾರಾಳವಾಗಿ ಡಿಕ್ಕಿ ಬಿಟ್ಟರು. ಅದೇ ಡಿಕ್ಕಿ ಇಲ್ಲಿ ಭಾರವಾಯಿತು.

ಇನ್ನು ತಗೊಳ್ಳಬಹುದೇ ಅನ್ನುವ ಪ್ರಶ್ನೆ. ಜಿಎಂ 2017ರ ಮೇ ತಿಂಗಳಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಆ ವರ್ಷದ ಕೊನೆಗೆ ನಿಲ್ಲಿಸಿಯೂ ಬಿಟ್ಟಿತು. ಆ ಮೇಲೆ ಈ ಗಾಡಿಯ ಪಾರ್ಟು ಎರಡು ಜಾತಿಯಾಯಿತು.

ಸವೆಯುವ ಪಾರ್ಟುಗಳ ಚಿಂತೆ ಜಾಸ್ತಿ ಇಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಲಿಂಕ್ ರಾಡ್, ಬುಷ್, ಫಿಲ್ಟರ್, ಬೆಲ್ಟು ಇವನ್ನು ಹೊರಗಿನ ಕಂಪನಿಗಳೂ ಮಾಡುತ್ತವೆ. ಅಂಗಡಿಯಲ್ಲಿ ಇರದಿದ್ದರೆ ಹುಬ್ಬಳ್ಳಿ, ಕೊಲ್ಹಾಪುರದಿಂದ ತರಿಸಿ ಕೊಡುತ್ತೇವೆ. ಇಂಜಿನ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಮುಧೋಳದಲ್ಲೂ ಇದ್ದಾನೆ, ಜಮಖಂಡಿಯಲ್ಲೂ ಇದ್ದಾನೆ.

ತ್ರಾಸು ಇರುವುದು ಮೈಮೇಲಿನ ಪಾರ್ಟಿಗೆ. ಹೆಡ್‌ಲೈಟ್, ಬಂಪರ್, ಟೇಲ್ ಲ್ಯಾಂಪ್, ಫೆಂಡರ್, ಬಾಗಿಲಿನ ಹ್ಯಾಂಡಲ್. ಹೋದ ಮಳೆಗಾಲದಲ್ಲಿ ಸವದತ್ತಿ ಕಡೆಯ ಗಿರಾಕಿಯೊಬ್ಬರು ಸೈಲ್‌ನ ಎಡಗಡೆ ಹೆಡ್‌ಲೈಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿದ್ದರು. ಎಮ್ಮೆ ಗುದ್ದಿತ್ತು. ಗಾಜು ಹೋಗಿರಲಿಲ್ಲ, ಹಿಂದಿನ ಮೂರು ಪ್ಲಾಸ್ಟಿಕ್ ಕಿವಿಗಳು ಮುರಿದಿದ್ದವು. ಬೋಲ್ಟು ಕೂರುವುದೇ ಆ ಕಿವಿಗಳ ಮೇಲೆ. ಹೊಸದು ಸಿಗಲಿಲ್ಲ. ಮುಂಬೈ ಕುರ್ಲಾದ ಹಳೇ ಸಾಮಾನಿನ ಬಜಾರದಲ್ಲಿ ಸಿಕ್ಕಿದ್ದು ಬಲಗಡೆಯದು! ಕೊನೆಗೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವ ಹುಡುಗ ಮುರಿದ ಕಿವಿಗಳ ಒಳಗೆ ಸ್ಟೀಲ್ ಜಾಳಿಗೆ ಕೂಡಿಸಿ ಜೋಡಿಸಿದ. ಈಗಲೂ ನಡೆಯುತ್ತಿದೆ.

ಹಾಗಾಗಿ ಪುಣೆಗೆ ಹೋದಾಗ ಇಂಜಿನ್ ಶಬ್ದ ಕೇಳುವುದಕ್ಕಿಂತ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ. ನಾಲ್ಕೂ ದೀಪ ಒರಿಜಿನಲ್ ಇವೆಯೇ? ಒಡೆದ ಬಂಪರಿಗೆ ಸ್ಕ್ರೂ ಹೊಡೆದಿದ್ದಾರೆಯೇ? ಪವರ್ ವಿಂಡೋ ನಾಲ್ಕೂ ಇಳಿಸಿ ಏರಿಸಿ. ಎಸಿ ಹಾಕಿ ಹತ್ತು ನಿಮಿಷ ಒಳಗೆ ಕುಳಿತುಕೊಳ್ಳಿ. ಮೈ ಸಾಬೂತು ಇದ್ದರೆ ಇಂಜಿನ್ ಹೇಗಾದರೂ ಸಂಭಾಳಿಸಬಹುದು.

ಕಾಗದದ ಖರ್ಚನ್ನೂ ಬೈಕಿನ ರೇಟಿಗೆ ಕೂಡಿಸಿ. ಪುಣೆ ಆರ್‌ಟಿಒದಿಂದ ಎನ್‌ಒಸಿ ಅಂದರೆ ಫಾರ್ಮ್ 28, ವರ್ಗಾವಣೆಗೆ 29 ಮತ್ತು 30, ಇಲ್ಲಿ ಬಂದ ಮೇಲೆ ಕರ್ನಾಟಕದ ತೆರಿಗೆ, ಆಮೇಲೆ ಕೆಎ-48 ನಂಬರು. 2013ರ ಗಾಡಿಗೆ 2028ಕ್ಕೆ 15 ವರ್ಷ ಆಗುತ್ತದೆ. ಆಗ ಮತ್ತೆ ಎಫ್‌ಸಿ, ಮತ್ತೆ ಫೀ. ಇನ್ಶೂರೆನ್ಸ್‌ನವರು ಇಷ್ಟು ಹಳೇ ಗಾಡಿಗೆ ಜೀರೋ ಡೆಪ್ (ಪಾರ್ಟಿನ ಸವಕಳಿ ಕಳೆಯದೆ ದುಡ್ಡು ಕೊಡುವ ಪಾಲಿಸಿ) ಕೊಡುವುದು ಕಷ್ಟ.

ನನ್ನನ್ನು ಕೇಳಿದರೆ, ಮನೆಯಲ್ಲಿ ಇನ್ನೊಂದು ಗಾಡಿ ಇದ್ದು ಇದು ಎರಡನೆಯದಾದರೆ ತಗೊಳ್ಳಿ. ದಿನಾ ಮುಧೋಳದಿಂದ ಹಳ್ಳಿ ಶಾಲೆಗೆ ಹೋಗಲು ಇದೊಂದೇ ಗಾಡಿಯಾದರೆ ಬೇಡ. ಒಂದು ಹೆಡ್‌ಲೈಟಿಗಾಗಿ ವಾರಗಟ್ಟಲೆ ಬಸ್ ಹತ್ತಬೇಕಾದೀತು.

ಪ್ರಶ್ನೆ: ನಮ್ಮ ಮಗ ಸೌದಿ ಅರೇಬಿಯಾದ ರಿಯಾದ್‌ನಲ್ಲಿದ್ದಾನೆ. ಕಂಪನಿ ಅವನಿಗೆ ಕಿಯಾ ಪೆಗಾಸ್ ಅನ್ನುವ ಸಣ್ಣ ಸೆಡಾನ್ ಕೊಟ್ಟಿದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದ, ಬಹಳ ಚೆಂದ ಇದೆ. ವಿಜಯಪುರದ ಶೋರೂಮಿನಲ್ಲಿ ಕೇಳಿದರೆ ಆ ಹೆಸರೇ ಕೇಳಿಲ್ಲ ಅಂದರು. ಊರಿಗೆ ಬರುವಾಗ ಅಲ್ಲಿಂದ ಒಂದು ತರಬಹುದೇ?
– ಒಣದ್ರಾಕ್ಷಿ ವ್ಯಾಪಾರಿ, ವಿಜಯಪುರ

ಉತ್ತರ: ಸಾಹುಕಾರರೇ, ಬೇಡವೇ ಬೇಡ. ಮೊದಲನೆಯದಾಗಿ, ಸೌದಿ ಗಾಡಿಗೆ ಸ್ಟೇರಿಂಗ್ ಎಡಗಡೆ. ನಮ್ಮ ದೇಶಕ್ಕೆ ಕಾರು ತರಿಸುವ ನಿಯಮ ಬಲಗಡೆ ಸ್ಟೇರಿಂಗ್ ಕೇಳುತ್ತದೆ. ಎರಡನೆಯದು ಸುಂಕ. ಓಡಿಸಿದ ಕಾರು ತರಿಸಿದರೆ ಸುಂಕವೇ ಕಾರಿನ ಬೆಲೆ ದಾಟುತ್ತದೆ. ಮೂರನೆಯದನ್ನು ನಾನು ಹೇಳಲೇಬೇಕು: ಬಂದ ಮೇಲೆ ಅದರ ಕನ್ನಡಿ ಒಡೆದರೆ ನನ್ನ ಅಂಗಡಿಗೆ ಬರುತ್ತೀರಿ, ನಾನು ಕೈ ಮುಗಿಯುತ್ತೇನೆ.

ಶೋರೂಮಿನವರನ್ನು ಬೈಯಬೇಡಿ. ಪೆಗಾಸ್ ಭಾರತಕ್ಕೆ ಬಂದೇ ಇಲ್ಲ. ನಮ್ಮ ಕಿಯಾ ಗಾಡಿಗಳು ಆಂಧ್ರದ ಅನಂತಪುರ ಕಡೆಯ ಕಾರ್ಖಾನೆಯಿಂದ ಬರುತ್ತವೆ. ಪೆಗಾಸ್ ತಯಾರಾಗುವುದು ಚೀನಾದ ಯಾನ್‌ಚೆಂಗ್ ಊರಿನಲ್ಲಿ. ಮಗನಿಗೆ ಹೇಳಿ, ಮುಂದಿನ ಗಾಜಿನ ಕೆಳಗಡೆ ಮೂಲೆಯಲ್ಲಿ ಇಣುಕಿ ನೋಡಲಿ. ಅಲ್ಲಿ ಚಾಸಿಸ್ ನಂಬರಿನ ಪಟ್ಟಿ ಇರುತ್ತದೆ. ಮೇಲೆ ಮಾಸ್ತರರಿಗೆ ಹೇಳಿದ 'ಎಲ್' ಅಲ್ಲಿ ಕಾಣುತ್ತದೆ.

ಕೊರಿಯಾದ ಕಂಪನಿ ಚೀನಾದಲ್ಲಿ ತಯಾರಿಸಿ ಅರಬರಿಗೆ ಯಾಕೆ ಮಾರುತ್ತದೆ? ಇದರ ಹಿಂದೆ ದೊಡ್ಡ ಕಥೆ ಇದೆ. ಪೆಗಾಸ್ ಚೀನಾದಲ್ಲಿ ಬಂದದ್ದು 2017ರಲ್ಲಿ. ಅದೇ ವರ್ಷ ಅಮೆರಿಕದ ಕ್ಷಿಪಣಿ ತಡೆಯುವ ವ್ಯವಸ್ಥೆ ಕೊರಿಯಾದಲ್ಲಿ ಬಂದು ಕೂತಿತು. ಅದಕ್ಕೆ ಚೀನಾ ಸಿಟ್ಟಾಯಿತು. ಅಲ್ಲಿಯ ಜನ ಕೊರಿಯಾ ಗಾಡಿ ಬಿಟ್ಟರು, ಹುಂಡೈ, ಕಿಯಾ ಮಾರಾಟ ದಡಕ್ಕನೆ ಬಿತ್ತು. ಮೇಲೆ ಆ ದೇಶದವರದ್ದೇ ಕಂಪನಿಗಳು ಎದ್ದು ನಿಂತವು. ಅಷ್ಟು ದೊಡ್ಡ ಕಾರ್ಖಾನೆ ಸುಮ್ನೆ ಇಡಲಾಗುತ್ತದೆಯೇ? ಒಳಗೆ ಹೋಗದ ಮಾಲನ್ನು ಹಡಗಿಗೆ ಹತ್ತಿಸಿದರು. ಕೊಲ್ಲಿ ದೇಶಗಳಲ್ಲಿ ಅದು ಪೆಗಾಸ್. ಫಿಲಿಪೀನ್ಸ್, ಚಿಲಿ, ಪೆರು, ಈಕ್ವೆಡಾರ್‌ಗಳಲ್ಲಿ ಸೊಲುಟೊ. 1.4 ಲೀಟರ್ ಪೆಟ್ರೋಲ್, ಸಾದಾ ಗಾಡಿ. ಬಾಡಿಗೆ ಕಾರಿನವರು, ಟ್ಯಾಕ್ಸಿಯವರು, ಸಣ್ಣ ಕಂಪನಿಯವರು ಇಂಥದನ್ನೇ ಹುಡುಕುತ್ತಾರೆ.

ಸೈಲ್ ದಾರಿಯೂ ಹೆಚ್ಚು ಕಡಿಮೆ ಅದೇ. ಚಿಲಿ ದೇಶವನ್ನೇ ನೋಡಿ. ಅಲ್ಲಿ ಇದ್ದ ಕೊನೆಯ ಕಾರು ಕಾರ್ಖಾನೆ ಜಿಎಂದೇ, ಅರಿಕಾ ಊರಿನಲ್ಲಿ. ಅದು 2008ರಲ್ಲಿ ಮುಚ್ಚಿತು. ಚೀನಾ ಜೊತೆ ಚಿಲಿಯ ಮುಕ್ತ ವ್ಯಾಪಾರ ಒಪ್ಪಂದ 2006ರಿಂದಲೇ ಜಾರಿಯಲ್ಲಿತ್ತು. ಕಾಪಾಡಿಕೊಳ್ಳಲು ಸ್ವಂತ ಕಾರ್ಖಾನೆ ಇಲ್ಲ ಅಂದ ಮೇಲೆ ಬಾಗಿಲಿಗೆ ಅಗುಳಿ ಯಾಕೆ ಹಾಕುತ್ತಾರೆ? ಶಾಂಘೈ ಸೈಲ್ ಅಲ್ಲಿ ಹೆಚ್ಚು ಮಾರಾಟವಾಗುವ ಕಾರುಗಳ ಸಾಲಿಗೆ ಸೇರಿತು. ಚೀನಾ ಜೊತೆ ಪೆರು ಮಾಡಿಕೊಂಡ ಅಂಥದ್ದೇ ಒಪ್ಪಂದ 2010ರಲ್ಲಿ ಜಾರಿಗೆ ಬಂತು. ಕೊಲಂಬಿಯಾ, ಈಕ್ವೆಡಾರ್‌ಗಳಲ್ಲಿ ಮಾತ್ರ ಬಿಡಿಬಿಡಿಯಾಗಿ ತರಿಸಿ ಬೊಗೊಟಾ, ಕೀಟೊ ಊರುಗಳ ಜಿಎಂ ಕಾರ್ಖಾನೆಗಳಲ್ಲಿ ಕೂಡಿಸುತ್ತಿದ್ದರು. ಆ ಎರಡೂ ಕಾರ್ಖಾನೆ 2024ರಲ್ಲಿ ಮುಚ್ಚಿದವು.

ನಮ್ಮ ದೇಶದ ಬಾಗಿಲಿಗೆ ಅಗುಳಿ ಗಟ್ಟಿಯಾಗಿದೆ. ಪೂರ್ತಿ ತಯಾರಾಗಿ ಬರುವ ಸಣ್ಣ ಕಾರಿಗೂ ಎಷ್ಟೋ ವರ್ಷ 60 ಪ್ರತಿಶತ ಸುಂಕ ಇತ್ತು. ಅದರ ಮೇಲೆ ಉಳಿದ ತೆರಿಗೆ. ಹೀಗಾಗಿ ಚೀನಾದ ಸಸ್ತಾ ಸೆಡಾನ್ ಇಲ್ಲಿ ಬಂದಿಳಿದರೆ ಸಸ್ತಾ ಆಗಿ ಉಳಿಯುವುದಿಲ್ಲ. ಪಾಕಿಸ್ತಾನದವರು ಬೇರೆ ದಾರಿ ಹಿಡಿದರು. ಚಂಗಾನ್ ಕಂಪನಿಯ ಆಲ್ಸ್ವಿನ್ ಅನ್ನುವ ಸಣ್ಣ ಸೆಡಾನನ್ನು 2021ರಿಂದ ಕರಾಚಿಯಲ್ಲೇ ಕೂಡಿಸಿ ಮಾರುತ್ತಿದ್ದಾರೆ, ಬಲಗಡೆ ಸ್ಟೇರಿಂಗ್ ಹಾಕಿ. ಅದೇ ಆಲ್ಸ್ವಿನ್ ಎಡಗಡೆ ಸ್ಟೇರಿಂಗ್ ಹಾಕಿಕೊಂಡು ನಿಮ್ಮ ಮಗನಿರುವ ರಿಯಾದ್‌ನಲ್ಲೂ ಓಡುತ್ತದೆ. ಮುಂದಿನ ಸಲ ವಿಡಿಯೋ ಕಾಲ್‌ನಲ್ಲಿ ಪಾರ್ಕಿಂಗ್ ಜಾಗ ಪೂರ್ತಿ ತೋರಿಸಲು ಹೇಳಿ. ನಮ್ಮ ಚೆನ್ನೈಯಿಂದ ಹೋದ ಹುಂಡೈ ಗ್ರ್ಯಾಂಡ್ ಐ10 ಸೆಡಾನ್ ಕೂಡ ಕಂಡೀತು. ಇಲ್ಲಿ ಅದಕ್ಕೆ ಔರಾ ಅನ್ನುತ್ತಾರೆ. ಮಗ ಊರಿಗೆ ಬಂದಾಗ ಸೆಡಾನೇ ಬೇಕು ಅಂದರೆ ಅದನ್ನು ಇಲ್ಲೇ ಕೊಡಿಸಿ. ಸ್ಟೇರಿಂಗ್ ಬಲಗಡೆ, ಪಾರ್ಟು ಎಲ್ಲ ಕಡೆ.

ಪ್ರಶ್ನೆ: ಬಾಗಿಲು ಹಾಕಿದಾಗ 'ಧಪ್' ಅಂತ ಬಂದರೆ ಗಟ್ಟಿ ಕಾರು, 'ಟಣ್' ಅಂತ ಬಂದರೆ ಚೀನಾ ತಗಡು ಅಂತ ನಮ್ಮನೆಯವರು ಹೇಳುತ್ತಾರೆ. ನಿಜವೇ?
– ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾವ್ರೇ, ಆ ಶಬ್ದ ಬರುವುದು ಹೆಚ್ಚಾಗಿ ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್‌ನಿಂದ ಮತ್ತು ಒಳಗೆ ಅಂಟಿಸಿದ ಡ್ಯಾಂಪಿಂಗ್ ಶೀಟಿನಿಂದ. ಎರಡನ್ನೂ ಬದಲಿಸಿ ಕೊಟ್ಟರೆ ನಿಮ್ಮ 'ಟಣ್' ಕಾರು ಸಂಜೆಯೊಳಗೆ 'ಧಪ್' ಅನ್ನುತ್ತದೆ. ಜೀವ ಕಾಯುವುದು ಒಳಗಿನ ಚೌಕಟ್ಟು, ಏರ್‌ಬ್ಯಾಗ್, ಮತ್ತು ನೀವು ಹಾಕಿಕೊಳ್ಳುವ ಬೆಲ್ಟ್.

ಏರ್‌ಬ್ಯಾಗ್ ಇಲ್ಲದ ಸೈಲ್ ಅನ್ನು ಕಾರು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಲ್ಯಾಟಿನ್ ಅಮೆರಿಕದ ಎನ್‌ಸಿಎಪಿ ಸಂಸ್ಥೆಯವರು 2015ರಲ್ಲಿ ಗುದ್ದಿ ನೋಡಿದರು, ಸೊನ್ನೆ ಸ್ಟಾರ್ ಬಂತು. ಚೀನಾದ್ದು, ಅದಕ್ಕೇ ಹಾಗೆ ಅಂತ ಹೇಳುವ ಮೊದಲು ಇನ್ನೊಂದು ಕೇಳಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ನಮ್ಮ ಐದು ಕಾರು ಗುದ್ದಿಸಿತು. ಆಲ್ಟೊ 800, ನ್ಯಾನೋ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸೊನ್ನೆ! ಜರ್ಮನಿಯ ಹೆಸರಿನ ಪೋಲೊ ಬಾಗಿಲು ಎಷ್ಟು 'ಧಪ್' ಅನ್ನುತ್ತಿತ್ತು ಅನ್ನುವುದು ನಿಮ್ಮನೆಯವರಿಗೆ ಗೊತ್ತಿರಬೇಕು. ಕಾನೂನು ಕೇಳದಿದ್ದರೆ ಯಾವ ದೇಶದ ಕಂಪನಿಯೂ ತಾನಾಗಿ ಕೊಡುವುದಿಲ್ಲ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ, ಪಕ್ಕದ ಸೀಟಿನದು ಎಲ್ಲ ಹೊಸ ಗಾಡಿಗಳಿಗೂ ಬಂದದ್ದು 2021 ಮುಗಿಯುವ ಹೊತ್ತಿಗೆ. ಅದಕ್ಕಿಂತ ಹಳೇ ಗಾಡಿ ನೋಡುತ್ತಿದ್ದರೆ ಬಾಗಿಲು ಬಡಿಯಬೇಡಿ. ಸ್ಟೇರಿಂಗ್ ನಡುವೆ ಏರ್‌ಬ್ಯಾಗ್ ಗುರುತು ಇದೆಯೇ ನೋಡಿ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಅದರ ದೀಪ ಹತ್ತಿ ಆರುತ್ತದೆಯೇ ನೋಡಿ. ಹತ್ತದೇ ಇದ್ದರೆ ಯಾರೋ ಬಲ್ಬು ಕಿತ್ತಿರಬಹುದು, ಆರದೇ ಇದ್ದರೆ ಏರ್‌ಬ್ಯಾಗ್ ಕೆಟ್ಟಿರಬಹುದು.

ಪ್ರಶ್ನೆ: ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಮೆಕ್ಸಿಕೋ ದೇಶ ಚೀನಾ ಕಾರುಗಳಿಗೆ 50 ಪ್ರತಿಶತ ಸುಂಕ ಹಾಕಿದ್ದಕ್ಕೆ ನಮ್ಮ ಮಾಲೀಕರು ತಲೆ ಮೇಲೆ ಕೈ ಹೊತ್ತಿದ್ದಾರೆ. ಪೆಟ್ಟು ಬಿದ್ದದ್ದು ಚೀನಾಕ್ಕೆ, ನಮಗೇನು?
– ಓದುಗ, ಬೆಳಗಾವಿ

ಉತ್ತರ: ತಮ್ಮಾ, ನಿಮ್ಮ ಮಾಲೀಕರು ಸುದ್ದಿ ಪೂರ್ತಿ ಓದಿದ್ದಾರೆ. ಮೆಕ್ಸಿಕೋದ ಆ ಸುಂಕ ಮುಕ್ತ ವ್ಯಾಪಾರ ಒಪ್ಪಂದ ಇಲ್ಲದ ದೇಶಗಳ ಮೇಲೆ. ಚೀನಾ ಅದರಲ್ಲಿದೆ, ಭಾರತವೂ ಅದರಲ್ಲಿದೆ. ಕಾರಿಗೆ 20 ಇದ್ದದ್ದು 2026ರ ಜನವರಿಯಿಂದ 50 ಆಯಿತು.

ಇದರ ಬಿಸಿ ಅರ್ಥವಾಗಬೇಕಾದರೆ ಮೆಕ್ಸಿಕೋದ ಶೆವರ್ಲೆ ಶೋರೂಮ್ ನೆನಪಿಸಿಕೊಳ್ಳಬೇಕು. 2018ರ ಸುಮಾರಿಗೆ ಅಲ್ಲಿ ಎರಡು ಸಣ್ಣ ಸೆಡಾನ್ ನಿಂತಿದ್ದವು. ಒಂದು ಅವೇಯೊ. ಹೆಸರು ಅವೇಯೊ, ಗಾಡಿ ಮೂರನೇ ಸೈಲ್, ಬಂದದ್ದು ಚೀನಾದಿಂದ. ಇನ್ನೊಂದು ಬೀಟ್. ಅದು ನಮ್ಮ ತಳೇಗಾಂವದ್ದು! ನೀವು ಬೆಳಗಾವಿಯಿಂದ ಮುಂಬೈಗೆ ಹೋಗುವಾಗ ಪುಣೆ ದಾಟಿದ ಮೇಲೆ ಸಿಗುತ್ತದಲ್ಲ, ಅದೇ ತಳೇಗಾಂವ. ನಮ್ಮ ಜನ ಕೊಳ್ಳಲಿಲ್ಲ ಅಂತ ಜಿಎಂ ಇಲ್ಲಿ ಶೋರೂಮ್ ಮುಚ್ಚಿತು. ತಳೇಗಾಂವ ಕಾರ್ಖಾನೆ ಮುಚ್ಚಲಿಲ್ಲ. ಬೀಟ್‌ಗೆ ಡಿಕ್ಕಿ ಕೂಡಿಸಿ ಸೆಡಾನ್ ಮಾಡಿ, ಎಡಗಡೆ ಸ್ಟೇರಿಂಗ್ ಹಾಕಿ ಮೆಕ್ಸಿಕೋಗೆ ಕಳಿಸುತ್ತಲೇ ಇತ್ತು. ನಮ್ಮ ರಸ್ತೆಯಲ್ಲಿ ಆ ಬೀಟ್ ಸೆಡಾನ್ ಒಂದೂ ಮಾರಾಟಕ್ಕೆ ಬರಲಿಲ್ಲ.

2020ರ ಡಿಸೆಂಬರ್‌ನಲ್ಲಿ ತಳೇಗಾಂವವೂ ನಿಂತಿತು. ಕಾರ್ಖಾನೆ ಕೊಳ್ಳಲು ಚೀನಾದ ಗ್ರೇಟ್ ವಾಲ್ ಕಂಪನಿ ಅದೇ ವರ್ಷದ ಶುರುವಿನಲ್ಲೇ ಮಾತಾಡಿತ್ತು. ಆದರೆ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಬೇಕು ಅಂತ 2020ರ ಏಪ್ರಿಲ್‌ನಲ್ಲಿ ನಿಯಮ ಬಂತು. ಅನುಮತಿ ಸಿಗಲಿಲ್ಲ, 2022ರಲ್ಲಿ ವ್ಯವಹಾರ ಮುರಿಯಿತು. ಕೊನೆಗೆ ಹುಂಡೈ ಕೊಂಡಿತು. ಇತ್ತ ಮೆಕ್ಸಿಕೋದಲ್ಲಿ 2023ಕ್ಕೆ ಮತ್ತೊಂದು ಹೊಸ ಅವೇಯೊ ಬಂತು, ಈ ಸಲ ಚೀನಾದ ವೂಲಿಂಗ್ ಕೂಟದ ಕಾರ್ಖಾನೆಯಿಂದ. ತಳೇಗಾಂವ ಬಿಟ್ಟ ಜಾಗದಲ್ಲಿ ಚೀನಾ ಒಂಟಿಯಾಗಿ ಕೂತುಕೊಂಡಿತು ಅಂದುಕೊಳ್ಳಬೇಡಿ. ಡಿಜೈರ್ ಗುಜರಾತ್, ಹರಿಯಾಣ ಕಡೆಯಿಂದ, ಫೋಕ್ಸ್‌ವ್ಯಾಗನ್ ವರ್ಟಸ್ ಪುಣೆ ಹತ್ತಿರದ ಚಾಕಣ್‌ದಿಂದ, ಗ್ರ್ಯಾಂಡ್ ಐ10 ಸೆಡಾನ್ ಚೆನ್ನೈಯಿಂದ ಅಲ್ಲಿಗೆ ಹೋಗಿವೆ. ಅವೇಯೊಗೆ ನೇರ ಎದುರಾಳಿಗಳು ಇವೇ. ಈಗ ಎರಡೂ ಕಡೆಯವರಿಗೆ ಒಂದೇ ಬರೆ.

ನಿಮ್ಮ ಫೌಂಡ್ರಿಗೆ ಎಷ್ಟು ತಟ್ಟುತ್ತದೆ ಅನ್ನುವುದು ನಿಮ್ಮ ಎರಕ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲಿದೆ. ಬೆಳಗಾವಿಯ ಎರಕ ಪಂಪಿಗೂ ಹೋಗುತ್ತದೆ, ಟ್ರ್ಯಾಕ್ಟರಿಗೂ ಹೋಗುತ್ತದೆ, ಲಾರಿಗೂ ಹೋಗುತ್ತದೆ. ಡಿಸ್ಪ್ಯಾಚ್ ಚಲನ್ ತೆಗೆದು ನೋಡಿ. ಪುಣೆ ಕಡೆಯ ಕಾರು ಕಂಪನಿಗಳ ಸಪ್ಲೈಯರ್ ಹೆಸರು ಜಾಸ್ತಿ ಇದ್ದರೆ ಮಾಲೀಕರ ಚಿಂತೆ ಸರಿ. ಟ್ರ್ಯಾಕ್ಟರ್ ಜಾಸ್ತಿ ಇದ್ದರೆ ನೀವು ಮೆಕ್ಸಿಕೋ ಬಿಟ್ಟು ಮುಂಗಾರು ನೋಡಿ.

ಪ್ರಶ್ನೆ: ಎಂಜಿ ಕಾರು ಬ್ರಿಟಿಷರದ್ದೋ, ಚೀನಾದವರದ್ದೋ? ನಮ್ಮ ಕಟ್ಟೆಯಲ್ಲಿ ಪಂದ್ಯ ನಡೆದಿದೆ.
– ಗೆಳೆಯರ ಬಳಗ, ಜಮಖಂಡಿ

ಉತ್ತರ: ಹೆಸರು ಬ್ರಿಟಿಷರದ್ದು, ಒಡೆಯರು ಎಸ್‌ಎಐಸಿ. ಮೇಲೆ ಸೈಲ್ ಕಥೆಯಲ್ಲಿ ಬಂದವರೇ. ಜಿಎಂ ಬಿಟ್ಟುಹೋದ ಹಾಲೋಲ್ ಕಾರ್ಖಾನೆಯನ್ನೇ ಕೊಂಡು ಅಲ್ಲಿ ತಯಾರಿಸುತ್ತಾರೆ. ಈಗ ಭಾರತದ ವ್ಯವಹಾರದಲ್ಲಿ ನಮ್ಮ ದೇಶದ ಜೆಎಸ್‌ಡಬ್ಲ್ಯು ಕಂಪನಿ ಕೂಡ ಪಾಲುದಾರ. ಪಂದ್ಯದ ದುಡ್ಡು ಅರ್ಧ ಅರ್ಧ ಹಂಚಿಕೊಳ್ಳಿ.